ಮೊದಲು ನುಡಿಯುವವನ ಸಂಕಟ

ಇಸ್ಪೀಟಿನ ವಿಚಾರವನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಉಚಿತವೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಆದರೆ ಜೂಜನ್ನು ಹೊಸ್ತಿಲಾಚೆಗೆ ನಿಲ್ಲಿಸಿದರೆ ನಮ್ಮ ಸಾಹಿತ್ಯದ ಮನೆ ಅರ್ಧ ಬರಿದಾಗುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಸೋತ ಜೂಜುಗಾರನೊಬ್ಬನ ಅಳಲೇ ಒಂದು ಸೂಕ್ತವಾಗಿದೆ. ಮಹಾಭಾರತದ ಕಥೆಯೆಲ್ಲ ದ್ಯೂತಸಭೆಯೆಂಬ ಒಂದು ತಿರುಗಣಿಯ ಮೇಲೆ ನಿಂತಿದೆ. ನಳಮಹಾರಾಜ ರಾಜ್ಯವನ್ನು ಕಳೆದುಕೊಂಡದ್ದೂ ಜೂಜಿನಿಂದ, ಮರಳಿ ಪಡೆದದ್ದೂ ಜೂಜಿನಿಂದ. ಜೂಜಾಡುವುದು ದೋಷವಿರಬಹುದು, ಜೂಜನ್ನು ಕುರಿತು ಯೋಚಿಸುವುದು ದೋಷವೆಂದು ನಮ್ಮ ಹಿರಿಯರು ಎಣಿಸಿದಂತೆ ಕಾಣುವುದಿಲ್ಲ.

ದ್ಯೂತಸಭೆಯ ಪ್ರಸಂಗವನ್ನು ಓದುವಾಗ ನಮ್ಮ ಕಣ್ಣೆಲ್ಲ ಶಕುನಿಯ ದಾಳಗಳ ಮೇಲೆ. ಅವನ ಕಪಟ ಯಾವ ಬಗೆಯದು ಎಂಬ ಚರ್ಚೆಯಲ್ಲಿ ತೊಡಗಿ, ಎದುರಿಗೇ ಇರುವ ಇನ್ನೊಂದು ಸಂಗತಿಯನ್ನು ಬಿಟ್ಟುಬಿಡುತ್ತೇವೆ. ವ್ಯಾಸಭಾರತದಲ್ಲಿ ಆಟ ಸಾಗುವ ಕ್ರಮ ಹೀಗೆ: ಧರ್ಮರಾಯ ತನ್ನ ಪಣವನ್ನು ಹೆಸರಿಸುತ್ತಾನೆ, ಅದರ ಗುಣವಿಶೇಷಗಳನ್ನು ಬಣ್ಣಿಸುತ್ತಾನೆ, ಅದನ್ನು ಕೇಳಿಸಿಕೊಂಡ ಶಕುನಿ ದಾಳವನ್ನುರುಳಿಸಿ, ಗೆದ್ದೆನೆಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಸಂಪತ್ತಾಗಲಿ, ರಥ ಕುದುರೆಗಳಾಗಲಿ, ಕೊನೆಗೆ ಒಡಹುಟ್ಟಿದವರೇ ಆಗಲಿ, ಪ್ರತಿಸಲವೂ ಮೊದಲು ನುಡಿಯುವವನು ಒಬ್ಬನೇ; ಕೊನೆಯ ಮಾತು ಇನ್ನೊಬ್ಬನದೇ. ಧರ್ಮರಾಯನ ಬಳಿ ಇನ್ನೇನು ಉಳಿದಿದೆ, ಅವನ ಮನಸ್ಸು ಎಷ್ಟು ಕದಡಿದೆ ಎಂಬುದು ಅವನ ಬಾಯಿಂದಲೇ ಸಭೆಗೆಲ್ಲ ತಿಳಿಯುತ್ತದೆ. ಶಕುನಿಯ ಮನಸ್ಸು ಯಾರಿಗೂ ತಿಳಿಯದು.

ದಾಳದಲ್ಲಿ ಕಪಟವಿದ್ದ ಮೇಲೆ ಯಾರು ಮೊದಲು ನುಡಿದರೇನು, ಸೋಲು ಖಂಡಿತವೇ. ಆದ್ದರಿಂದ ಮೊದಲು ನುಡಿಯುವವನ ಸಂಕಟ ಅದರ ಶುದ್ಧ ರೂಪದಲ್ಲಿ ಆ ಸಭೆಯಲ್ಲಿ ಕಾಣಸಿಗುವುದಿಲ್ಲ. ಕಪಟವಿಲ್ಲದೆ, ಎಲೆಗಳು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿ, ಸರದಿಯೊಂದರಿಂದಲೇ ಒಬ್ಬ ಕೆಡುವುದನ್ನು ನೋಡಬೇಕಾದರೆ ಅಮೆರಿಕದವರ ಓಮಹಾ ಪೋಕರ್ ಆಟಕ್ಕೆ ಬರಬೇಕು.

ಓಮಹಾ ಎಂಬುದು ನೆಬ್ರಾಸ್ಕ ರಾಜ್ಯದ ಒಂದು ನಗರ. ಆದರೆ ಆ ಹೆಸರಿನ ಆಟ ಪ್ರಸಿದ್ಧಿಗೆ ಬಂದದ್ದು ೧೯೮೦ರ ದಶಕದ ಆರಂಭದಲ್ಲಿ, ಲಾಸ್ ವೇಗಸ್ಸಿನಲ್ಲಿ. ರಾಬರ್ಟ್ ಟರ್ನರ್ ಎಂಬ ಆಟಗಾರ ಅದನ್ನು ಗೋಲ್ಡನ್ ನಗೆಟ್ ಜೂಜುಮನೆಯ ಬಿಲ್ ಬಾಯ್ಡ್ ಅವರಿಗೆ ತೋರಿಸಿಕೊಟ್ಟನೆಂದೂ, ಅಲ್ಲಿ ಅದಕ್ಕೆ ಮೊದಲು 'ನಗೆಟ್ ಹೋಲ್ಡೆಮ್' ಎಂಬ ಹೆಸರಾಯಿತೆಂದೂ ಆ ಆಟದ ಚರಿತ್ರೆ ಹೇಳುತ್ತದೆ. ನಿಯಮಗಳು ಸರಳ. ಪ್ರತಿಯೊಬ್ಬನಿಗೂ ನಾಲ್ಕು ಗುಪ್ತ ಎಲೆಗಳು. ಮೇಜಿನ ನಡುವೆ ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳನ್ನು ಮೊಗಮೇಲಾಗಿ ಇಡುತ್ತಾರೆ: ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕಡೆಗೆ ಇನ್ನೊಂದು. ಗುಪ್ತ ಎಲೆಗಳು ಕೈಸೇರಿದಾಗ ಒಮ್ಮೆ, ಅನಂತರ ಮೇಜಿನ ಎಲೆಗಳು ತೆರೆದಾಗಲೆಲ್ಲ ಒಮ್ಮೊಮ್ಮೆ, ಹೀಗೆ ನಾಲ್ಕು ಸುತ್ತು ಪಣವೊಡ್ಡುವುದು. ಕೊನೆಗೆ ತನ್ನ ನಾಲ್ಕರಲ್ಲಿ ಎರಡನ್ನೇ, ಮೇಜಿನ ಐದರಲ್ಲಿ ಮೂರನ್ನೇ ಕೂಡಿಸಿ ಐದೆಲೆಗಳ ಕೂಟವನ್ನು ತೋರಿಸಬೇಕು. ಎರಡಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೊಸಬರು ಕೆಡುವುದು ಈ ಕಟ್ಟಳೆಯಿಂದಲೇ. ಮೇಜಿನ ಮೇಲೆ ನಾಲ್ಕು ಇಸ್ಪೀಟು ಜಾತಿಯ ಎಲೆಗಳು ಬಿದ್ದಿವೆ, ಕೈಯಲ್ಲಿ ಇಸ್ಪೀಟು ಎಕ್ಕವೊಂದಿದೆ. ಒಂದೇ ಜಾತಿಯ ಐದೆಲೆ ಕೂಡಿತೆಂದು ಹಿಗ್ಗುತ್ತಾರೆ. ಕೈಯಲ್ಲಿ ಎರಡು ಇಸ್ಪೀಟು ಇಲ್ಲದೆ ಅದು ಕೂಡುವುದೇ ಇಲ್ಲ. ನಾಲ್ಕು ಎಕ್ಕಗಳೂ ಒಬ್ಬನ ಕೈಗೇ ಬಂದವೆನ್ನಿ. ನೋಡುವವರಿಗೆ ಮಹಾಭಾಗ್ಯ, ಆಡುವವನಿಗೆ ದೌರ್ಭಾಗ್ಯ. ಬಳಸಬಹುದಾದದ್ದು ಎರಡೇ ಎಕ್ಕ. ಮೂರನೆಯದು ಮೇಜಿನ ಮೇಲೆ ಬರುವ ಆಸೆಯೂ ಇಲ್ಲ.

ಎರಡೆಲೆಯ ಪೋಕರಿನಲ್ಲಿ ಕೈಗೆ ಬರಬಹುದಾದ ಜೋಡಿಗಳು ೧,೩೨೬. ನಾಲ್ಕೆಲೆಯ ಓಮಹಾದಲ್ಲಿ ೨,೭೦,೭೨೫. ಪ್ರತಿ ನಾಲ್ಕೆಲೆಯಲ್ಲೂ ಆರಾರು ಜೋಡಿಗಳು ಅಡಗಿರುವುದರಿಂದ ಯಾರ ಕೈಯೂ ಪೂರ್ತಿ ಬಡವಲ್ಲ, ಯಾರ ಕೈಯೂ ಪೂರ್ತಿ ಸಿರಿವಂತವಲ್ಲ. ಎರಡೆಲೆಯ ಆಟದಲ್ಲಿ ಜೋಡಿ ಎಕ್ಕ ಹಿಡಿದವನು ಯಾವುದೋ ಒಂದು ಜೋಡಿಯ ಎದುರು ನೂರಕ್ಕೆ ಎಂಬತ್ತೈದು ಸಲ ಗೆಲ್ಲುತ್ತಾನೆ. ಓಮಹಾದಲ್ಲಿ ಅತ್ಯುತ್ತಮವೆನಿಸಿದ ನಾಲ್ಕೆಲೆ ಎರಡು ಎಕ್ಕ, ಎರಡು ರಾಜ, ಎರಡೆರಡು ಒಂದೇ ಜಾತಿಯವು. ಇದು ಕೂಡ ಒಂದಕ್ಕೊಂದು ಹೊಂದಿ ಬಂದ ಸಾಧಾರಣ ನಾಲ್ಕೆಲೆಯ ಎದುರು ನೂರಕ್ಕೆ ಅರುವತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂತರ ಇಷ್ಟು ಕಿರಿದಾದ ಮೇಲೆ, ಎಲೆ ಯಾವುದೆಂಬುದಕ್ಕಿಂತ ಅದನ್ನು ಹಿಡಿದವನು ಎಲ್ಲಿ ಕುಳಿತಿದ್ದಾನೆ ಎಂಬುದೇ ದೊಡ್ಡದಾಗುತ್ತದೆ.

ಇನ್ನು ಪಣದ ಲೆಕ್ಕ. ರೂಪಾಯಿಯ ಮಾತು ಬೇಡ, ಚೌಕಾಬಾರದವರಂತೆ ಹುಣಿಸೆಬೀಜವಿಟ್ಟುಕೊಳ್ಳೋಣ. ಹಣ ಕಟ್ಟಿ ಅಂತರ್ಜಾಲದಲ್ಲಿ ಆಡುವ ಆಟಗಳನ್ನು ಕರ್ನಾಟಕದ ಶಾಸನಸಭೆ ೨೦೨೧ರಲ್ಲಿ ನಿಷೇಧಿಸಿದ್ದು, ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು ೨೦೨೨ರ ಫೆಬ್ರವರಿಯಲ್ಲಿ ರದ್ದುಗೊಳಿಸಿದ್ದು, ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧದ ಶಾಸನವನ್ನು ತಂದದ್ದು ವಿದ್ಯಾರ್ಥಿಗಳಿಗೆ ತಿಳಿದಿದ್ದರೆ ಒಳ್ಳೆಯದು. ಹುಣಿಸೆಬೀಜಕ್ಕೆ ಯಾವ ಶಾಸನದ ಆಕ್ಷೇಪಣೆಯೂ ಇರಲಾರದು.

ಓಮಹಾದಲ್ಲಿ ಸಾಮಾನ್ಯವಾಗಿ ಒಂದು ಮಿತಿಯುಂಟು: ನಡುವಣ ರಾಶಿಯಲ್ಲಿ ಎಷ್ಟಿದೆಯೋ ಅಷ್ಟಕ್ಕಿಂತ ಹೆಚ್ಚು ಒಡ್ಡುವಂತಿಲ್ಲ. ಕೇಳಲು ಸಂಯಮದ ನಿಯಮ. ಆದರೆ ಲೆಕ್ಕ ಹಾಕಿ ನೋಡಿ. ಮೂರೆಲೆ ಮೇಜಿಗೆ ಬಂದಾಗ ರಾಶಿಯಲ್ಲಿ ೧೦೦ ಬೀಜವಿದೆ. ಒಬ್ಬ ನೂರು ಒಡ್ಡಿ, ಇನ್ನೊಬ್ಬ ಸರಿಗಟ್ಟಿದರೆ ರಾಶಿ ೩೦೦. ಮುಂದಿನ ಸುತ್ತಿನಲ್ಲಿ ಅದೇ ರೀತಿ ನಡೆದರೆ ೯೦೦. ಕೊನೆಯ ಸುತ್ತಿಗೆ ೨,೭೦೦. ಮೊದಲು ನೂರಕ್ಕೆ ತಲೆಯಾಡಿಸಿದವನು ಕಡೆಗೆ ಸಾವಿರದ ಮುನ್ನೂರು ತೆತ್ತಿರುತ್ತಾನೆ. ಅಬ್ಬರದ ಆಟಗಾರನ ನಿಜವಾದ ಆಯುಧ ಅವನು ಈಗ ಒಡ್ಡಿದ ನೂರಲ್ಲ, ಇನ್ನೂ ಒಡ್ಡದಿರುವ ಮುನ್ನೂರು ಮತ್ತು ಒಂಬೈನೂರು.

ಸರದಿಯ ಕ್ರಮವನ್ನು ಈಗ ನೋಡೋಣ. ಮೇಜಿನ ಎಲೆಗಳು ತೆರೆದ ಮೇಲೆ ಪ್ರತಿ ಸುತ್ತಿನಲ್ಲೂ ಮೊದಲು ಬಾಯಿ ತೆರೆಯಬೇಕಾದವನು ಎಲೆ ಹಂಚುವ ಸ್ಥಾನದ ಎಡಕ್ಕೆ ಕುಳಿತವನು. ಎಲ್ಲರಿಗಿಂತ ಕೊನೆಗೆ ಆ ಸ್ಥಾನದವನೇ. ಎಡಗಡೆಯ ಇಬ್ಬರು ತಮ್ಮ ಎಲೆಯನ್ನು ನೋಡುವ ಮೊದಲೇ ಒಂದಿಷ್ಟು ಪಣವನ್ನು ಕಡ್ಡಾಯವಾಗಿ ಹಾಕಿರಬೇಕೆಂಬ ಕಟ್ಟಳೆಯೂ ಉಂಟು. ಪಾಪ, ಹಣವೂ ಮೊದಲು, ಮಾತೂ ಮೊದಲು. ಸ್ಥಾನ ಪ್ರತಿ ಆಟಕ್ಕೂ ಒಂದೊಂದು ಕುರ್ಚಿ ಸರಿಯುವುದರಿಂದ ಈ ಶಿಕ್ಷೆ ಎಲ್ಲರ ಪಾಲಿಗೂ ಬರುತ್ತದೆಂಬುದೊಂದೇ ಸಮಾಧಾನ. ಇಬ್ಬರೇ ಆಡುವಾಗಲಂತೂ ಆಟ ಬಿಟ್ಟು ಆಟಕ್ಕೆ ಬರುತ್ತದೆ.

ಕೊನೆಗೆ ನುಡಿಯುವವನಿಗೆ ಇರುವ ಅನುಕೂಲವೇನೆಂಬುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. ಮೊದಲ ಭಾಷಣಕಾರ ತನ್ನ ವಾದವನ್ನೆಲ್ಲ ಹರವಿ ಇಳಿಯುತ್ತಾನೆ; ಕೊನೆಯವನು ಅದರಲ್ಲಿ ತನಗೆ ಬೇಕಾದ್ದನ್ನು ಎತ್ತಿಕೊಂಡು ಉಳಿದದ್ದನ್ನು ಹರಿದುಹಾಕುತ್ತಾನೆ. ಪೋಕರಿನಲ್ಲಿ ಇದರ ಜೊತೆಗೆ ಇನ್ನೂ ಒಂದು ಲಾಭವಿದೆ. ಮೊದಲಿಗ ಸುಮ್ಮನೆ ಸರದಿ ದಾಟಿಸಿದರೆ (ಇದಕ್ಕೆ ಅವರು 'ಚೆಕ್' ಎನ್ನುತ್ತಾರೆ), ಕೊನೆಯವನು ತಾನೂ ಸುಮ್ಮನಿದ್ದು ಮುಂದಿನ ಎಲೆಯನ್ನು ಪುಕ್ಕಟೆಯಾಗಿ ನೋಡಬಹುದು, ಇಲ್ಲವೆ ಒಡ್ಡಬಹುದು. ರಾಶಿ ಬೆಳೆಯಬೇಕೋ ಬೇಡವೋ ಎಂಬ ತೀರ್ಮಾನ ಅವನದು. ಮೊದಲಿಗನಿಗೆ ಆ ಅಧಿಕಾರವೇ ಇಲ್ಲ: ಅವನು ಸುಮ್ಮನಿರಬಲ್ಲ, ಇನ್ನೊಬ್ಬನನ್ನು ಸುಮ್ಮನಿರಿಸಲಾರ.

ಎರಡೆಲೆಯ ಪೋಕರಿನಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ನಾರ್ವೆಯ ಅನೆಟ್ ಓಬ್ರೆಸ್ಟಾಡ್ ಎಂಬ ಹುಡುಗಿ ಅಂತರ್ಜಾಲದ ಒಂದು ಸಣ್ಣ ಪಂದ್ಯದಲ್ಲಿ ತನ್ನ ಎಲೆಗಳನ್ನು ಮರೆಮಾಡಿಕೊಂಡು ಆಡಿದಳು. ಎದುರಾಳಿಗಳ ನಡೆಯನ್ನು ಗಮನಿಸುವುದು, ಸ್ಥಾನವನ್ನು ನೋಡಿಕೊಂಡು ಒಡ್ಡುವುದು, ಇಷ್ಟೆ. ಆ ೧೮೦ ಮಂದಿಯ ಪಂದ್ಯವನ್ನು ಅವಳೇ ಗೆದ್ದಳು. ೨೦೦೭ರ ಸೆಪ್ಟೆಂಬರಿನಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಲಂಡನ್ನಿನಲ್ಲಿ ನಡೆದ ಯೂರೋಪಿನ ವಿಶ್ವಪಂದ್ಯಾವಳಿಯ ಮುಖ್ಯ ಪಂದ್ಯವನ್ನೂ ಗೆದ್ದಳು. ಎಲೆಯನ್ನು ನೋಡದವಳ ಎದುರು ತಮ್ಮ ಎಲೆಯನ್ನು ಬಿಸಾಡಿ ಎದ್ದವರ ಕೈಯಲ್ಲಿ ಎಂಥೆಂಥ ಎಲೆಗಳಿದ್ದವೋ!

ಆಕ್ರಮಣಕ್ಕೆ ಶಾಸ್ತ್ರಗ್ರಂಥಗಳೂ ಉಂಟು. ೧೯೭೬ ಮತ್ತು ೧೯೭೭ರಲ್ಲಿ ವಿಶ್ವಪಂದ್ಯಾವಳಿಯನ್ನು ಗೆದ್ದ ಟೆಕ್ಸಾಸಿನ ಡಾಯ್ಲ್ ಬ್ರನ್ಸನ್ (೧೯೩೩–೨೦೨೩) ತನ್ನ 'ಸೂಪರ್ ಸಿಸ್ಟಮ್' ಗ್ರಂಥದಲ್ಲಿ ಬೋಧಿಸಿದ್ದು ಇದನ್ನೇ. ಒಡ್ಡುವವನಿಗೆ ಗೆಲ್ಲಲು ಎರಡು ದಾರಿ: ಅವನ ಎಲೆ ಮೇಲಾಗಿರಬಹುದು, ಇಲ್ಲವೆ ಎದುರಿನವನು ಹೆದರಿ ಬಿಡಬಹುದು. ಸರಿಗಟ್ಟುವವನಿಗೆ ಇರುವುದು ಒಂದೇ ದಾರಿ. ಹೀಗಿರುವಾಗ, ಕೊನೆಯ ಸ್ಥಾನದಲ್ಲಿ ಕುಳಿತ ಅಬ್ಬರದ ಆಟಗಾರನ ಮುಂದೆ ಮೊದಲ ಸ್ಥಾನದವನು ಮಾಡಬೇಕಾದ್ದೇನು? ಸ್ವಭಾವಸಹಜವಾಗಿ ಜನ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಸಾಧುಗಳು ಸುಮ್ಮನಿದ್ದು, ಆತ ಒಡ್ಡಿದೊಡನೆ ಎಲೆ ಬಿಸಾಡುತ್ತಾರೆ. ಅಭಿಮಾನಿಗಳು ಆತ ಒಡ್ಡುವ ಮುಂಚೆ ತಾವೇ ಒಡ್ಡಿ ಕೂಗಿಗೆ ಕೂಗು ಎನ್ನುತ್ತಾರೆ. ಇಬ್ಬರೂ ಸೋಲುತ್ತಾರೆ. ಏಕೆಂಬುದನ್ನು ನಾಲ್ಕೆಲೆಯ ಕಾಡಿನಲ್ಲಿ ಹುಡುಕುವುದು ಕಷ್ಟ. ಅದೃಷ್ಟಕ್ಕೆ ಗಣಿತಜ್ಞರು ನಮಗಾಗಿ ಒಂದು ಕೈದೋಟವನ್ನು ಮಾಡಿಟ್ಟಿದ್ದಾರೆ.

ಗಣಿತಜ್ಞ ವಾನ್ ನಾಯ್ಮನ್ ಮತ್ತು ಅರ್ಥಶಾಸ್ತ್ರಜ್ಞ ಮಾರ್ಗೆನ್‌ಸ್ಟರ್ನ್ ೧೯೪೪ರಲ್ಲಿ ಆಟಗಳ ಸಿದ್ಧಾಂತವನ್ನು ಕುರಿತು ಬರೆದ ಉದ್ಗ್ರಂಥದಲ್ಲಿ ಪೋಕರಿಗೂ ಸ್ಥಾನವಿತ್ತು. ೧೯೫೦ರಲ್ಲಿ ಪ್ರಿನ್ಸ್‌ಟನ್ನಿನ ಹೆರಾಲ್ಡ್ ಕೂನ್ ಅದನ್ನು ಇನ್ನೂ ಕಿರಿದುಮಾಡಿ ಮೂರೇ ಎಲೆಯ ಪೋಕರನ್ನು ಕಲ್ಪಿಸಿದ. ರಾಜ, ರಾಣಿ, ಗುಲಾಮ. ಆಟಗಾರರು ಇಬ್ಬರು. ಇಬ್ಬರೂ ಒಂದೊಂದು ಬೀಜವನ್ನು ನಡುವೆ ಇಡುತ್ತಾರೆ. ಒಂದೊಂದು ಎಲೆ ಪಡೆಯುತ್ತಾರೆ. ಮೂರನೆಯದು ಮುಚ್ಚಿಯೇ ಇರುತ್ತದೆ. ಮೊದಲಿಗ ಒಂದು ಬೀಜ ಒಡ್ಡಬಹುದು ಅಥವಾ ಸುಮ್ಮನಿರಬಹುದು. ಒಡ್ಡಿದರೆ ಎರಡನೆಯವನು ಸರಿಗಟ್ಟಬೇಕು, ಇಲ್ಲವೆ ಎಲೆ ಬಿಡಬೇಕು. ಮೊದಲಿಗ ಸುಮ್ಮನಿದ್ದರೆ ಎರಡನೆಯವನು ತಾನೂ ಸುಮ್ಮನಿದ್ದು ಎಲೆ ತೋರಿಸಬಹುದು, ಇಲ್ಲವೆ ಒಂದು ಬೀಜ ಒಡ್ಡಬಹುದು. ಆಗ ಸರಿಗಟ್ಟುವ ಅಥವಾ ಬಿಡುವ ಸರದಿ ಮೊದಲಿಗನದು. ಅಲ್ಲಿಗೆ ಮುಗಿಯಿತು. ಮಕ್ಕಳಾಟದಂತಿರುವ ಇದರ ಲೆಕ್ಕವನ್ನು ಕೂನ್ ಪೂರ್ತಿಯಾಗಿ ಬಿಡಿಸಿ ತೋರಿಸಿದ.

ಫಲಿತಾಂಶ ಹೀಗಿದೆ. ಇಬ್ಬರೂ ಒಂದಿಷ್ಟೂ ತಪ್ಪಿಲ್ಲದೆ ಆಡಿದರೂ, ಸರಾಸರಿಯಲ್ಲಿ ಹದಿನೆಂಟು ಆಟಕ್ಕೆ ಒಂದು ಬೀಜದಂತೆ ಮೊದಲಿಗ ಸೋಲುತ್ತಲೇ ಇರುತ್ತಾನೆ. ಎಲೆಯ ದೋಷವಲ್ಲ, ಬುದ್ಧಿಯ ದೋಷವಲ್ಲ. ಮೊದಲು ನುಡಿಯುವುದರ ತೆರಿಗೆ. ಇದನ್ನು ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಹೆಚ್ಚು ತೆರದಂತೆ ನೋಡಿಕೊಳ್ಳುವ ಉಪಾಯಗಳಿವೆ, ಅದೂ ಒಂದಲ್ಲ, ಹಲವು. ಅವುಗಳಲ್ಲಿ ಅತ್ಯಂತ ಸರಳವಾದದ್ದು ಯಾವ ಎಲೆ ಬಂದರೂ ಮೊದಲು ಸುಮ್ಮನಿರುವುದು. ಗುಲಾಮ ಬಂದರೂ ಮೌನ, ರಾಣಿ ಬಂದರೂ ಮೌನ, ರಾಜ ಬಂದರೂ ಮೌನ. ಆಮೇಲೆ ಎದುರಾಳಿ ಒಡ್ಡಿದರೆ, ಗುಲಾಮನನ್ನು ಬಿಡುವುದು, ರಾಜನಿಂದ ಸರಿಗಟ್ಟುವುದು, ರಾಣಿಯಿದ್ದರೆ ಮೂರಕ್ಕೊಂದು ಸಲ ಸರಿಗಟ್ಟುವುದು. ಇಂಥ ಮೌನಿಗೂ ತೆರಿಗೆ ಹದಿನೆಂಟಕ್ಕೆ ಒಂದೇ. ಇಲ್ಲ, ರಾಜ ಬಂದಾಗಲೆಲ್ಲ ನಾನು ಬಾಯಿಬಿಟ್ಟೇ ಹೇಳುವೆನೆಂದರೆ ಅದಕ್ಕೂ ಅವಕಾಶವಿದೆ; ಆದರೆ ಅಂಥವನು ಗುಲಾಮ ಬಂದಾಗ ಮೂರಕ್ಕೊಂದು ಸಲ ರಾಜನಿರುವಂತೆ ನಟಿಸಿ ಒಡ್ಡಲೂ ಸಿದ್ಧನಿರಬೇಕು, ರಾಣಿಯಿದ್ದಾಗ ಮೂರಕ್ಕೆ ಎರಡು ಸಲ ಸರಿಗಟ್ಟಲೂ ಸಿದ್ಧನಿರಬೇಕು. ಸುಳ್ಳಿನ ಬೆಂಬಲವಿಲ್ಲದ ಸತ್ಯ ಈ ಮೇಜಿನ ಮೇಲೆ ಬಾಳಲಾರದು. ನೀತಿಶಾಸ್ತ್ರಕ್ಕೆ ಇದು ಒಪ್ಪದಿದ್ದರೆ ಮೌನವೇ ಲೇಸು, ಅದಕ್ಕೆ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ.

ಯಾವ ಉಪಾಯ ಹಿಡಿದರೂ ಒಂದು ಎಲೆ ಮಾತ್ರ ಮೊದಲು ಬಾಯಿ ತೆರೆಯಕೂಡದು. ಅದು ರಾಣಿ. ರಾಣಿಯನ್ನು ಹಿಡಿದು ಒಡ್ಡಿದರೆ ಗುಲಾಮನಿರುವವನು ಓಡುತ್ತಾನೆ, ರಾಜನಿರುವವನು ನಿಲ್ಲುತ್ತಾನೆ; ಗೆಲ್ಲಬಹುದಾದವನಿಂದ ಏನೂ ಬರುವುದಿಲ್ಲ, ಸೋಲಬೇಕಾದವನಿಗೆ ಇಮ್ಮಡಿ ತೆರಬೇಕು. ಮೊದಲಿಗನ ಸಂಕಟವೆಲ್ಲ ಈ ರಾಣಿಯ ಸಂಕಟವೇ ಎಂದರೂ ತಪ್ಪಾಗಲಾರದು. ರಾಜನಿಗೆ ಯಾರ ಅಂಜಿಕೆ? ಗುಲಾಮನಿಗೆ ಕಳೆದುಕೊಳ್ಳುವುದೇನು? ನಡುವೆ ನಿಂತವಳಿಗೆ ಎರಡೂ ಕಡೆಯ ಬಾಧೆ.

ಎದುರಾಳಿ ಅಬ್ಬರದವನಾದರೆ ಏನಾಗುತ್ತದೆಂಬುದನ್ನೂ ಇಲ್ಲಿಯೇ ಲೆಕ್ಕ ಹಾಕಬಹುದು. ಕೂನನ ಲೆಕ್ಕದಂತೆ ಎರಡನೆಯವನು ಗುಲಾಮನನ್ನು ಹಿಡಿದು ಮೂರಕ್ಕೊಂದು ಸಲ ಮಾತ್ರ ಅಬ್ಬರಿಸಬೇಕು. ನಮ್ಮವನು ಪ್ರತಿಸಲವೂ 'ನನ್ನದು ರಾಜ' ಎಂಬಂತೆ ಒಡ್ಡುತ್ತಾನೆನ್ನೋಣ. ಮೊದಲಿಗ ಎಂದಿನಂತೆ ಮೌನಿ. ರಾಜನಿಂದ ಸರಿಗಟ್ಟುತ್ತಾನೆ, ಗುಲಾಮನನ್ನು ಬಿಡುತ್ತಾನೆ. ಉಳಿದದ್ದು ರಾಣಿಯೊಬ್ಬಳ ತೀರ್ಮಾನ. ಅಬ್ಬರಕ್ಕೆ ಹೆದರಿ ರಾಣಿಯನ್ನು ಪ್ರತಿಸಲವೂ ಬಿಟ್ಟುಕೊಟ್ಟರೆ ಮೊದಲಿಗನ ನಷ್ಟ ಹದಿನೆಂಟು ಆಟಕ್ಕೆ ಮೂರು ಬೀಜಕ್ಕೇರುತ್ತದೆ. ಹೆದರದೆ ಪ್ರತಿಸಲವೂ ಸರಿಗಟ್ಟಿದರೆ? ಹದಿನೆಂಟು ಆಟಕ್ಕೆ ಮೂರು ಬೀಜ ಲಾಭ. ತೆರಿಗೆ ಕಟ್ಟುತ್ತಿದ್ದವನೇ ತೆರಿಗೆ ವಸೂಲು ಮಾಡತೊಡಗುತ್ತಾನೆ. ಅದೇ ಸ್ಥಾನ, ಅದೇ ಮೌನ, ಅದೇ ಎಲೆಗಳು. ಬದಲಾದದ್ದು ರಾಣಿ ಕುಳಿತಲ್ಲಿಂದ ಏಳಲಿಲ್ಲವೆಂಬುದೊಂದೇ. ಈ ಲೆಕ್ಕವನ್ನು ಹಾಳೆಯ ಮೇಲೆ ಮಾಡಿ ನೋಡುವ ವಿದ್ಯಾರ್ಥಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಅಬ್ಬರ ಬಲಹೀನವೆಂದು ನನ್ನ ಮಾತಿನ ಅರ್ಥವಲ್ಲ. ಹಿಡಿತ ತಪ್ಪಿದ ಅಬ್ಬರವನ್ನು ಶಿಕ್ಷಿಸುವ ಅಧಿಕಾರ ಮೌನದಲ್ಲಿಯೇ ಇರುತ್ತದೆ. ಆದರೆ ಕಷ್ಟದ ಗಳಿಗೆಯಲ್ಲಿ ಎದ್ದುಹೋಗುವ ಮೌನಕ್ಕೆ ಆ ಅಧಿಕಾರವಿಲ್ಲ.

ಈಗ ಕೈದೋಟದಿಂದ ಕಾಡಿಗೆ ಮರಳೋಣ. ಓಮಹಾದಲ್ಲಿ ಕೈಗೆ ಬರುವುದರಲ್ಲಿ ಬಹುಪಾಲು ರಾಣಿಗಳೇ. ಅಲ್ಲಿ ರಾಣಿ ರಾಜನ ವೇಷದಲ್ಲಿ ಬರುವುದೇ ವಿಶೇಷ. ಒಂದು ಉದಾಹರಣೆ: ನನ್ನ ಕೈಯಲ್ಲಿ ಗುಲಾಮ, ಹತ್ತು, ಏಳು, ಆರು. ಮೇಜಿನ ಮೇಲೆ ಒಂಬತ್ತು, ಎಂಟು, ಎರಡು, ಮೂರೂ ಬೇರೆ ಬೇರೆ ಜಾತಿಯವು. ರಮ್ಮಿಯವರು ಸೀಕ್ವೆನ್ಸ್ ಎನ್ನುವ ಐದೆಲೆಗಳ ಸಾಲು ಕೂಡಲು ನನಗೆ ರಾಣಿ ಬಂದರೂ ಆದೀತು, ಗುಲಾಮ, ಹತ್ತು, ಏಳು, ಆರು, ಐದು, ಯಾವುದು ಬಂದರೂ ಆದೀತು. ನಾನು ಕಾಣದಿರುವ ನಲವತ್ತೈದು ಎಲೆಗಳಲ್ಲಿ ಇಪ್ಪತ್ತು ನನ್ನ ನೆಂಟರು! ಬರಲಿರುವ ಎರಡು ಎಲೆಗಳಲ್ಲಿ ಒಂದಾದರೂ ನೆಂಟನಾಗಿ ಬರುವ ಸಂಭವ ನೂರಕ್ಕೆ ಎಪ್ಪತ್ತರ ಹತ್ತಿರ. ಇಂಥ ಕೈ ಹಿಡಿದವನಿಗೆ ತಾನೇ ರಾಜನೆನಿಸಿದರೆ ಆಶ್ಚರ್ಯವೇನು?

ಆದರೆ ನೆಂಟರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು. ಗುಲಾಮ ಬಂದರೆ ನನ್ನದು ಏಳರಿಂದ ಗುಲಾಮನವರೆಗಿನ ಸಾಲು. ಎದುರಾಳಿಯ ಬಳಿ ರಾಣಿ ಮತ್ತು ಹತ್ತು ಇದ್ದರೆ ಅವನದು ಎಂಟರಿಂದ ರಾಣಿಯವರೆಗೆ. ನಾನು ಸೋತೆ. ಹತ್ತು ಬಂದರೆ, ರಾಣಿ ಗುಲಾಮರ ಜೋಡಿ ಹಿಡಿದವನ ಕೈಯಲ್ಲಿ ಮತ್ತೆ ಸೋತೆ. ಹೀಗೆ ಮೂರು ಗುಲಾಮ, ಮೂರು ಹತ್ತು, ಒಟ್ಟು ಆರು ಎಲೆಗಳು ನಗುತ್ತ ಬಂದು ಮನೆ ಮುಳುಗಿಸುವಂಥವು. ಸಾಲುಗಳಲ್ಲೆಲ್ಲ ಮೇಲಿನದನ್ನೇ ಕೊಡುವ ನಿಜವಾದ ನೆಂಟರು ಹದಿನಾಲ್ಕು ಮಾತ್ರ. ಎದುರಾಳಿ ರಾಶಿಯಷ್ಟೇ ಒಡ್ಡಿದಾಗ ನೂರು ಕೊಟ್ಟು ಇನ್ನೂರಕ್ಕೆ ಕೈಯೊಡ್ಡುವ ನಾನು, ಮುಂದಿನ ಒಂದೇ ಎಲೆಯ ಲೆಕ್ಕ ಹಿಡಿದರೆ, ಮೂರಕ್ಕೊಂದು ಸಲ ಗೆಲ್ಲಬೇಕು. ಅಂದರೆ ನಲವತ್ತೈದರಲ್ಲಿ ಹದಿನೈದು ಎಲೆಗಳು ನನ್ನವಾಗಿರಬೇಕು. ಇಪ್ಪತ್ತೆಂದು ಎಣಿಸಿದವನಿಗೆ ಇದು ಹಬ್ಬ; ಹದಿನಾಲ್ಕೆಂದು ಎಣಿಸಿದವನಿಗೆ ಒಂದೆಲೆ ಕೊರತೆ.

ಕೊನೆಯ ಸ್ಥಾನದಲ್ಲಿ ಕುಳಿತವನು ಈ ಆರು ಕಪಟ ನೆಂಟರು ಬಂದಾಗಲೂ ಹೇಗೋ ಪಾರಾಗುತ್ತಾನೆ. ಎದುರಿನವನು ಏನು ಮಾಡುತ್ತಾನೆಂದು ನೋಡಿ, ಸುಮ್ಮನಿದ್ದು, ಕಡಿಮೆ ಖರ್ಚಿನಲ್ಲಿ ಎಲೆ ತೋರಿಸಿ ಮುಗಿಸುತ್ತಾನೆ. ಮೊದಲ ಸ್ಥಾನದವನಿಗೆ ಆ ದಾರಿಯಿಲ್ಲ. ಗುಲಾಮ ಬಿತ್ತು, ನಾನು ಒಡ್ಡಿದರೆ ನನಗಿಂತ ಕೀಳಾದವನು ಓಡಿ ಮೇಲಾದವನು ಏರಿಸುತ್ತಾನೆ, ಸುಮ್ಮನಿದ್ದರೆ ಅಬ್ಬರದವನು ಮುನ್ನೂರು ಒಡ್ಡುತ್ತಾನೆ, ಹಿಂದೆಯೇ ಒಂಬೈನೂರು ಕಾದಿದೆ. ಕೂನನ ರಾಣಿ ಒಂದೇ ಬೀಜದ ಪ್ರಶ್ನೆಗೆ ಉತ್ತರಿಸಿದ್ದಳು. ಇಲ್ಲಿಯ ರಾಣಿಗೆ ಅದೇ ಪ್ರಶ್ನೆಯನ್ನು ಮುಮ್ಮಡಿಯಾಗಿ ಮತ್ತೆ ಕೇಳುತ್ತಾರೆ.

ಆದ್ದರಿಂದಲೇ ಬಲ್ಲವರು ಕೆಟ್ಟ ಸ್ಥಾನದಿಂದ ಪ್ರವೇಶಿಸುವುದೇ ಕಡಿಮೆ. ಪ್ರವೇಶಿಸಿದರೂ, ಕೂಡಿದರೆ ಎಲ್ಲಕ್ಕಿಂತ ಮೇಲಾಗಿಯೇ ಕೂಡುವಂಥ ಎಲೆಗಳಿಂದ: ಎಕ್ಕ, ಅದರದೇ ಜಾತಿಯ ಇನ್ನೊಂದೆಲೆ, ಜೊತೆಗೆ ಒಂದಕ್ಕೊಂದು ಹತ್ತಿರದ ದೊಡ್ಡ ಎಲೆಗಳು. ರಾಶಿಯನ್ನೂ ಮೊದಲಲ್ಲಿ ಕಿರಿದಾಗಿಯೇ ಇಡುತ್ತಾರೆ. ಇದನ್ನು ಹೇಡಿತನವೆನ್ನುವವರು ನೂರರಿಂದ ೨,೭೦೦ಕ್ಕೆ ಏರಿದ ಲೆಕ್ಕವನ್ನು ಇನ್ನೊಮ್ಮೆ ನೋಡಬಹುದು.

ನಿಜವಾದ ನೆಂಟ ಬಂದಾಗ ಮಾಡುವುದೇನು? ಅದೇ ಆಟದಲ್ಲಿ, ನೂರು ಸರಿಗಟ್ಟಿದ ಮೇಲೆ, ಮೇಜಿಗೆ ಐದು ಬಿತ್ತೆನ್ನಿ. ನನ್ನ ಸಾಲು ಈಗ ಎಲ್ಲಕ್ಕೂ ಮೇಲು. ರಾಶಿಯಲ್ಲಿ ೩೦೦, ನನ್ನ ಬಳಿ ಉಳಿದದ್ದು ೧,೨೦೦. ನಾನು ಮತ್ತೆ ಸುಮ್ಮನಿರುತ್ತೇನೆ. ಅಬ್ಬರವೇ ಅಭ್ಯಾಸವಾದವನು ಮುನ್ನೂರು ಒಡ್ಡುತ್ತಾನೆ. ಅದನ್ನು ಸರಿಗಟ್ಟಿದರೆ ರಾಶಿ ಒಂಬೈನೂರು; ಆ ಒಂಬೈನೂರನ್ನೂ ಮೇಲೆ ಏರಿಸುವ ಹಕ್ಕು ನನಗಿದೆ. ಮುನ್ನೂರಕ್ಕೆ ಒಂಬೈನೂರು ಕೂಡಿದರೆ ಸರಿಯಾಗಿ ೧,೨೦೦. ಉಳಿದದ್ದೆಲ್ಲ ಮೇಜಿಗೆ ಹೋಯಿತು. ಎದುರಾಳಿ ಓಡಿದರೆ ಅವನ ಮುನ್ನೂರು ನನ್ನದು. ನಿಂತರೆ ಇನ್ನು ಆಡಲು ಮಾತೇ ಉಳಿದಿಲ್ಲ. ಮಾತು ಮುಗಿದ ಮೇಲೆ ಕೊನೆಯ ಮಾತಿನ ಅನುಕೂಲವೆಲ್ಲಿಯದು? ಕೆಟ್ಟ ಸ್ಥಾನವನ್ನು ಅಳಿಸಿಹಾಕುವ ಒಂದೇ ಸಾಧನವೆಂದರೆ ಇದು. ಹಳೆಯ ಕಾಲದ ಮನೆಯಾಟಗಳಲ್ಲಿ ಸುಮ್ಮನಿದ್ದು ಆಮೇಲೆ ಏರಿಸುವುದನ್ನು ಸಭ್ಯತೆಗೆ ಒಗ್ಗದ್ದೆಂದು ನಿಷೇಧಿಸುತ್ತಿದ್ದುದುಂಟು. ಕೂಗಿ ಸುಳ್ಳು ಹೇಳುವುದು ಸಭ್ಯ, ಮೌನದಿಂದ ಮರೆಮಾಡುವುದು ಅಸಭ್ಯ! ಈ ಕಟ್ಟಳೆಯನ್ನು ಮಾಡಿದವರು ಕೊನೆಯ ಸ್ಥಾನದಲ್ಲಿ ಕುಳಿತವರೇ ಇರಬೇಕೆಂದು ನನ್ನ ಗುಮಾನಿ.

ಅಬ್ಬರಕ್ಕೂ ತಾಳ್ಮೆಗೂ ನಡೆದ ಕಾಳಗಗಳಲ್ಲಿ ೨೦೦೯ರದು ದೊಡ್ಡದು. ಆ ವರ್ಷ 'ಫುಲ್ ಟಿಲ್ಟ್' ಎಂಬ ಅಂತರ್ಜಾಲ ತಾಣದಲ್ಲಿ 'ಇಸಿಲ್ಡುರ್ ೧' ಎಂಬ ಹೆಸರಿನ ಅಪರಿಚಿತನೊಬ್ಬ ಕಾಣಿಸಿಕೊಂಡ. ಇಸಿಲ್ಡುರ್ ಎಂಬುದು ಟೋಲ್ಕಿನ್ ಸೃಷ್ಟಿಸಿದ ಕಥಾಲೋಕದ ಒಬ್ಬ ರಾಜ. ಕೈಗೆ ಬಂದ ಉಂಗುರವನ್ನು ನಾಶಮಾಡಲಾರದೆ ಅದರಿಂದಲೇ ಕೆಟ್ಟವನು. ಈ ಹೆಸರನ್ನಿಟ್ಟುಕೊಂಡವನು ಕಥೆಯನ್ನು ಕೊನೆಯವರೆಗೆ ಓದಿದ್ದನೋ ಇಲ್ಲವೋ. ಲೋಕದ ಹೆಸರಾಂತ ಆಟಗಾರರನ್ನೆಲ್ಲ ಒಬ್ಬೊಬ್ಬರಾಗಿ, ಕೆಲವೊಮ್ಮೆ ಒಂದೇ ಹೊತ್ತಿನಲ್ಲಿ ಹಲವು ಮೇಜುಗಳಲ್ಲಿ, ಎಡೆಬಿಡದ ಆಕ್ರಮಣದಿಂದ ಕಂಗೆಡಿಸಿದ. ಆ ನವೆಂಬರಿನ ೨೧ರಂದು ಫಿನ್ಲೆಂಡಿನ ಪ್ಯಾಟ್ರಿಕ್ ಆಂಟೋನಿಯಸ್ ಜೊತೆ ನಡೆದ ಒಂದೇ ಒಂದು ಓಮಹಾ ಆಟದಲ್ಲಿ ರಾಶಿ ಹದಿಮೂರೂವರೆ ಲಕ್ಷ ಡಾಲರನ್ನು ಮೀರಿತು. ಅದನ್ನು ಗೆದ್ದವನು ಆಂಟೋನಿಯಸ್.

ಡಿಸೆಂಬರ್ ೮ರಂದು ಅಮೆರಿಕದ ಬ್ರಯನ್ ಹೇಸ್ಟಿಂಗ್ಸ್ ಎಂಬ ಯುವಕ ಇದೇ ಇಸಿಲ್ಡುರನಿಂದ ಒಂದೇ ಕೂಟದಲ್ಲಿ ಸುಮಾರು ೪೨ ಲಕ್ಷ ಡಾಲರ್ ಗೆದ್ದ. ಇಬ್ಬರೇ ಆಡುವ ಓಮಹಾ. ಆಟ ಬಿಟ್ಟು ಆಟಕ್ಕೆ ಕೆಟ್ಟ ಸ್ಥಾನ. ಗುಟ್ಟು ಆಮೇಲೆ ಬಯಲಾಯಿತು. ಅವನೂ ಅವನ ಸಂಗಡಿಗರೂ ಇಸಿಲ್ಡುರ್ ಆಡಿದ ಆಟಗಳ ದಾಖಲೆಗಳನ್ನು ಒಟ್ಟುಗೂಡಿಸಿ ಅವನ ರೀತಿಯನ್ನು ಅಭ್ಯಾಸ ಮಾಡಿದ್ದರು. ನಳನ ಕಥೆಯಲ್ಲಿ ಋತುಪರ್ಣ ರಾಜ ತಾರೆಯ ಮರದ ಎಲೆಕಾಯಿಗಳನ್ನು ಕ್ಷಣದಲ್ಲಿ ಎಣಿಸಿ ಹೇಳುವುದೂ, ನಳ ಅವನಿಂದ ಅಕ್ಷಹೃದಯವೆಂಬ ವಿದ್ಯೆಯನ್ನು ಕಲಿತು ಪುಷ್ಕರನನ್ನು ಗೆಲ್ಲುವುದೂ ನೆನಪಿಗೆ ಬರುತ್ತವೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ: ನಳ ತನ್ನ ಅಶ್ವವಿದ್ಯೆಯನ್ನು ಕೊಟ್ಟು ಅದನ್ನು ಪಡೆದ, ಇಲ್ಲಿ ದಾಖಲೆಗಳ ವಿನಿಮಯ ತಾಣದ ನಿಯಮಕ್ಕೆ ವಿರುದ್ಧವಾಗಿತ್ತು, ದೊಡ್ಡ ವಿವಾದವೇ ಎದ್ದಿತು. ನಿಯಮ ಮೀರಿದ್ದನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ. ಆದರೆ ಒಂದು ಮಾತು ನಿಜ. ಸದಾ ಒಡ್ಡುವವನು ಸದಾ ಮಾತನಾಡುವವನು. ಅಷ್ಟು ಮಾತಿನಲ್ಲಿ ಅವನ ವ್ಯಾಕರಣವೆಲ್ಲ ಹೊರಬಿದ್ದಿರುತ್ತದೆ. ಸ್ಥಾನದಿಂದ ದೊರೆಯದ ತಿಳಿವಳಿಕೆಯನ್ನು ಅವರು ಆ ವ್ಯಾಕರಣದಿಂದ ಪಡೆದುಕೊಂಡರು. ಇಸಿಲ್ಡುರ್ ಯಾರೆಂಬುದು ೨೦೧೧ರ ಜನವರಿಯಲ್ಲಿ ಬಹಿರಂಗವಾಯಿತು: ಸ್ವೀಡನ್ನಿನ ಯುವಕ ವಿಕ್ಟರ್ ಬ್ಲೋಮ್. ಅದೇ ಏಪ್ರಿಲ್ ೧೫ರಂದು ಅಮೆರಿಕದ ಸರಕಾರ ಆ ತಾಣದ ಮೇಲೆ ಕ್ರಮ ಕೈಗೊಂಡಿತು. ಹೆಚ್ಚು ಕಾಲ ಕಳೆಯದೆ ಮೇಜುಗಳು ಬರಿದಾದವು.

ಇಷ್ಟರಿಂದ ಮೊದಲಿಗನಿಗೆ ಮೌನವೇ ಕಟ್ಟಳೆಯೆಂದು ತಿಳಿಯಬೇಕಾಗಿಲ್ಲ. ಹಿಂದಿನ ಸುತ್ತಿನಲ್ಲಿ ಕೇವಲ ಸರಿಗಟ್ಟಿದವನು ಹೊಸ ಸುತ್ತಿನಲ್ಲಿ ತಾನೇ ಮೊದಲು ಒಡ್ಡುವುದನ್ನು ಪೋಕರಿನ ಪಂಡಿತರು ಬಹಳ ಕಾಲ ತಪ್ಪೆಂದೇ ಎಣಿಸಿದ್ದರು. ಅದಕ್ಕೆ ಅವರು ಇಟ್ಟ ಹೆಸರಿನ ಮೂಲವೇ ಕತ್ತೆ. ೨೦೧೯ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ನೋಮ್ ಬ್ರೌನ್ ಮತ್ತು ಟುವೋಮಾಸ್ ಸ್ಯಾಂಡ್‌ಹೋಮ್ 'ಪ್ಲುರಿಬಸ್' ಎಂಬ ಗಣಕಕ್ರಮವನ್ನು ರಚಿಸಿ ಆರು ಮಂದಿಯ ಎರಡೆಲೆ ಪೋಕರಿಗೆ ಕೂರಿಸಿದರು. ಮನುಷ್ಯರ ಆಟವನ್ನು ನೋಡಿ ಕಲಿಯದೆ, ತನ್ನೊಡನೆ ತಾನೇ ಆಡಿಕೊಂಡು ಕಲಿತ ಯಂತ್ರ ಅದು. ಮನುಷ್ಯರ ಹಳೆಯ ನಂಬಿಕೆಗಳಲ್ಲಿ ಕೆಲವನ್ನು ಅದೂ ಒಪ್ಪಿತು. ಈ ಕತ್ತೆಯ ಒಡ್ಡನ್ನು ಮಾತ್ರ ನುರಿತ ಆಟಗಾರರಿಗಿಂತ ಎಷ್ಟೋ ಹೆಚ್ಚು ಸಲ ಒಡ್ಡಿತು. ಐವರು ನುರಿತ ಆಟಗಾರರ ನಡುವೆ ಅದೊಂದೇ ಕುಳಿತು ಹನ್ನೆರಡು ದಿನಗಳಲ್ಲಿ ಹತ್ತು ಸಾವಿರ ಆಟವಾಡಿತು. ಎದ್ದಾಗ ಲಾಭ ಅದರ ಕಡೆಗಿತ್ತು.